ಬಿಸಿಲಲ್ಲಿ ಕಾವು ಕೂತ ಟಿಟ್ಟಿಭ

ಏಪ್ರಿಲ್ ಹೊತ್ತಿಗೆ ಕೆರೆಯಂಗಳ ಬಿರುಕು ಬಿಟ್ಟಿರುತ್ತದೆ. ಚಳಿಗಾಲಕ್ಕೆ ಬಂದಿದ್ದ ಗೊರವಗಳೆಲ್ಲ ಉತ್ತರಕ್ಕೆ ಹೊರಟಿರುತ್ತವೆ. ಇನ್ನೇನು ನೋಡುವುದಿದೆ ಎಂದು ಹಲವರು ದುರ್ಬೀನು ಒಳಗಿಡುತ್ತಾರೆ. ನನಗೋ, ವರ್ಷದ ಒಳ್ಳೆಯ ದಿನಗಳು ಶುರುವಾಗುವುದೇ ಆಗ. ಅದು ಟಿಟ್ಟಿಭ ಮೊಟ್ಟೆಯಿಡುವ ಕಾಲ.

ಹಳದಿ ಕಾಲು, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪು ತೊಗಲು. ಹಗಲಿರುಳೆನ್ನದೆ 'ಟಿಟ್ಟಿಟ್ಟಿಟೂ' ಎಂದು ಊರೆಬ್ಬಿಸುವ ಈ ಹಕ್ಕಿ ಯಾರಿಗೆ ಗೊತ್ತಿಲ್ಲ? ಆದರೆ ಅದರ ಗೂಡು ಕಂಡವರು ಕಡಿಮೆ. ಗೂಡು ಎನ್ನುವುದೇ ದೊಡ್ಡ ಮಾತು. ಬಯಲಲ್ಲಿ ಅಂಗೈಯಗಲದ ತಗ್ಗು, ಸುತ್ತ ಒಂದಿಷ್ಟು ಬೆಣಚುಕಲ್ಲು, ಒಣಗಿದ ಆಡಿನ ಹಿಕ್ಕೆ. ಅದರಲ್ಲಿ ಚೂಪು ತುದಿ ಒಳಗೆ ಮಾಡಿಕೊಂಡ ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ನನಗೆ ಒಮ್ಮೆ ಕಂಡಿರಲಿಲ್ಲ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಬೇವಿನ ನೆರಳಲ್ಲಿ ಕೂತು ನೋಡಿದೆ. ಉರಿಬಿಸಿಲಿಗೆ ಮೊಟ್ಟೆ ಬೆಂದುಹೋಗದಂತೆ ಹಕ್ಕಿ ರೆಕ್ಕೆ ಸಡಿಲಿಸಿ ನೆರಳು ಹಿಡಿದು ನಿಂತಿತ್ತು. ಜೋಡಿ ಬಂದೊಡನೆ ಉಳಿದಿದ್ದ ನೀರಿನ ಗುಂಡಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂತಿತು. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಹೀಗೆ ಸುಮಾರು 28ರಿಂದ 30 ದಿನ ಕಾಯುತ್ತವೆ. ಮೊಟ್ಟೆಯೊಡೆದ ಮರಿ ಗೂಡಲ್ಲಿ ಉಳಿಯುವುದಿಲ್ಲ. ಮೈ ಒಣಗಿ ಕಾಲು ಬಂದ ಕೂಡಲೇ ತಾಯಿತಂದೆಯ ಹಿಂದೆ ಓಡುತ್ತದೆ. ಅವು ಕೂಗಿದರೆ ನೆಲಕ್ಕೊತ್ತಿ ಕಲ್ಲಾಗುತ್ತದೆ.

ಪಂಚತಂತ್ರದಲ್ಲಿ ಮೊಟ್ಟೆ ಕದ್ದ ಸಮುದ್ರದ ಮೇಲೆಯೇ ಟಿಟ್ಟಿಭ ಹಗೆ ಸಾಧಿಸುತ್ತದೆ. ಅದನ್ನು ಬರೀ ಕಥೆ ಎನ್ನಲು ನನಗೆ ಮನಸ್ಸು ಬಾರದು. ಹಸು ಗೂಡಿನ ಹತ್ತಿರ ಬಂದಾಗ ಮೂತಿಗೇ ಎರಗಿದ್ದನ್ನು, ನಾಯಿ ಬಂದಾಗ ರೆಕ್ಕೆ ಮುರಿದಂತೆ ಕುಂಟುತ್ತ ಅದನ್ನು ದೂರ ಸೆಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಜೆಸಿಬಿಯ ಮುಂದೆ ಈ ಯಾವ ಉಪಾಯವೂ ನಡೆಯಲಿಲ್ಲ. ನಾನು ನೋಡುತ್ತಿದ್ದ ಆ ಬಯಲನ್ನು ನಿವೇಶನಕ್ಕೆಂದು ಮಟ್ಟ ಮಾಡಿದರು. ಜೋಡಿ ಹಕ್ಕಿಗಳು ಎರಡು ದಿನ ಅಲ್ಲೇ ಸುತ್ತುತ್ತ ಕೂಗಿದವು. ಆ ಕೂಗು ಇನ್ನೂ ಕಿವಿಯಲ್ಲಿದೆ.

ಮಾರ್ಚಿನಿಂದ ಆಗಸ್ಟ್‌ವರೆಗೆ ಬಯಲಲ್ಲಿ ನಡೆಯುವಾಗ ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಅರಚಿದರೆ ಮುಂದೆ ಹೋಗಬೇಡಿ. ಗೂಡು ಹುಡುಕಲೂ ಬೇಡಿ, ಕಾಗೆ ನಿಮ್ಮನ್ನೇ ನೋಡುತ್ತಿರುತ್ತದೆ. ನಾಯಿಯನ್ನು ಹಗ್ಗದಲ್ಲಿ ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ ಹೆಜ್ಜೆಯಿಡಿ.