ಇದರಲ್ಲಿ ಧರ್ಮ ಎಲ್ಲಿದೆ?

ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ಕೈಪಿಡಿಗಳಲ್ಲಿ ನುಡಿಗಟ್ಟುಗಳ ಒಂದು ಪಟ್ಟಿ ಇದ್ದೇ ಇರುತ್ತದೆ. ಎಡಗಡೆ 'ಇನ್ ಎ ಪಿಕಲ್', 'ಬಿಟ್ವೀನ್ ಎ ರಾಕ್ ಅಂಡ್ ಎ ಹಾರ್ಡ್ ಪ್ಲೇಸ್', 'ಹಾಬ್ಸನ್ಸ್ ಚಾಯ್ಸ್', 'ಕ್ಯಾಚ್-22'. ಬಲಗಡೆ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ: ಕಷ್ಟದ ಪರಿಸ್ಥಿತಿ. ಪದವಿಯ ದಿನಗಳಲ್ಲಿ ನಾನೂ ಇವನ್ನು ಹಾಗೇ ಬಾಯಿಪಾಠ ಮಾಡಿದ್ದೆ. ಅದರ ಫಲ ಕಂಡದ್ದು ಈಚೆಗೆ, ವಲಸೆ ಕಾರ್ಮಿಕರ ಕುರಿತ ಲೇಖನವೊಂದನ್ನು ಅನುವಾದಿಸುವಾಗ. ಕೆಲಸ ಸಿಗಬೇಕಾದರೆ ವಿಳಾಸ ಇರಬೇಕು, ಬಾಡಿಗೆ ಮನೆಯ ವಿಳಾಸ ಸಿಗಬೇಕಾದರೆ ಕೆಲಸ ಇರಬೇಕು. ಇದನ್ನು ಮೂಲ ಲೇಖಕರು 'ಕ್ಯಾಚ್-22' ಎಂದು ಕರೆದಿದ್ದರು. ನಾನು ಸಲೀಸಾಗಿ 'ಧರ್ಮಸಂಕಟ' ಎಂದು ಬರೆದು ಮುಂದೆ ಹೋಗಿದ್ದೆ. ಕರಡು ಓದಿದ ಗೆಳತಿ ಆ ಪದದ ಕೆಳಗೆ ಗೆರೆ ಎಳೆದು, "ಇದರಲ್ಲಿ ಧರ್ಮ ಎಲ್ಲಿದೆ ಮಾರಾಯ?" ಎಂದು ಬರೆದಿದ್ದಳು.

ಅವಳ ಪ್ರಶ್ನೆ ಸರಿಯಾಗಿತ್ತು. ಯುದ್ಧಕ್ಕೆ ಮೊದಲು ಕುಂತಿ ಬಂದು ಹುಟ್ಟಿನ ಗುಟ್ಟು ಹೇಳಿದಾಗ ಕರ್ಣನಿಗೆ ಎದುರಾದದ್ದು ಧರ್ಮಸಂಕಟ. ಒಂದು ಕಡೆ ಹೆತ್ತ ತಾಯಿ, ಇನ್ನೊಂದು ಕಡೆ ಉಂಡ ಅನ್ನದ ಋಣ. ಎರಡಕ್ಕೂ ಅವನ ಮೇಲೆ ಹಕ್ಕಿದೆ, ಅವನು ಆರಿಸಿಕೊಳ್ಳಬಲ್ಲ, ಆರಿಸಿಕೊಂಡದ್ದರಿಂದಲೇ ಅವನು ಕರ್ಣ. ವಿಳಾಸವಿಲ್ಲದ ಕಾರ್ಮಿಕನ ಮುಂದೆ ಇಂಥ ಆಯ್ಕೆಯೇ ಇಲ್ಲ. ಯಾರೋ ಬರೆದ ಎರಡು ನಿಯಮಗಳ ನಡುವೆ ಅವನು ಓಡಾಡುತ್ತಿದ್ದಾನೆ. ಅದಕ್ಕೆ ಧರ್ಮಸಂಕಟ ಎಂದು ಹೆಸರಿಟ್ಟ ಕೂಡಲೇ ತಪ್ಪಾದ ನಿಯಮ ಅವನ ಅಂತರಂಗದ ತೊಳಲಾಟವಾಗಿಬಿಡುತ್ತದೆ. ನಾನು ಮಾಡಿದ್ದು ಬರೀ ಪದದ ತಪ್ಪಲ್ಲ.

ಅಂದಿನಿಂದ ಆ ಪಟ್ಟಿಯನ್ನು ಬೇರೆ ರೀತಿಯಲ್ಲಿ ಓದುತ್ತಿದ್ದೇನೆ. ಪ್ರತಿ ನುಡಿಗಟ್ಟಿಗೂ ಒಂದೇ ಪ್ರಶ್ನೆ: ಈ ಕಷ್ಟವನ್ನು ತಂದವರು ಯಾರು?

'ಪಿಕಲ್' ಸುಲಭ. ಅಲ್ಲಿ ತಂದುಕೊಂಡವನು ತಾನೇ. ಷೇಕ್ಸ್‌ಪಿಯರನ 'ದಿ ಟೆಂಪೆಸ್ಟ್'ನಲ್ಲಿ ಕುಡಿದು ತೂರಾಡುವ ವಿದೂಷಕ ಟ್ರಿಂಕ್ಯುಲೋನನ್ನು ಕುರಿತು ಈ ಮಾತು ಬರುತ್ತದೆ. ಪಿಕಲ್ ಎಂದರೆ ಅಲ್ಲಿ ಮಾಂಸ ಕೆಡದಂತೆ ನೆನೆಸಿಡುವ ಉಪ್ಪುನೀರು. ತಾನು ಅಷ್ಟು ನೆನೆದಿರುವುದರಿಂದ ಇನ್ನು ನೊಣದ ಭಯವಿಲ್ಲ ಎಂಬರ್ಥದ ಉತ್ತರವನ್ನು ಅವನೇ ಕೊಡುತ್ತಾನೆ. ಕನ್ನಡದಲ್ಲಿ ಇದಕ್ಕೆ 'ಫಜೀತಿ' ಸರಿಹೊಂದುತ್ತದೆ, 'ಪೇಚು' ಕೂಡ ಆದೀತು. (ಉಪ್ಪಿನಕಾಯಿಯನ್ನು ಕಷ್ಟಕ್ಕೆ ರೂಪಕ ಮಾಡಲು ನಮ್ಮವರಿಗೆ ಮನಸ್ಸು ಬಂದಿಲ್ಲ, ಒಳ್ಳೆಯದೇ ಆಯಿತು.)

'ಸಿಲ್ಲ ಮತ್ತು ಕ್ಯಾರಿಬ್ಡಿಸ್ ನಡುವೆ' ಎಂಬುದನ್ನು ಇಂದು ಎರಡು ಸಮಾನ ಅಪಾಯಗಳ ನಡುವೆ ಎಂಬ ಅರ್ಥದಲ್ಲಿ ಬಳಸುತ್ತೇವೆ, ನಮ್ಮ 'ಅತ್ತ ದರಿ ಇತ್ತ ಪುಲಿ'ಯ ಹಾಗೆ. ಹೋಮರನ 'ಒಡಿಸ್ಸಿ'ಯ ಹನ್ನೆರಡನೆಯ ಕಾಂಡದಲ್ಲಿ ಅವು ಸಮಾನವೇ ಅಲ್ಲ. ಆರು ತಲೆಯ ಸಿಲ್ಲ ಆರು ಜನರನ್ನು ತಿನ್ನುತ್ತಾಳೆ, ಸುಳಿಯಾದ ಕ್ಯಾರಿಬ್ಡಿಸ್ ಇಡೀ ಹಡಗನ್ನೇ ನುಂಗಬಲ್ಲಳು. ಆದ್ದರಿಂದ ಸಿಲ್ಲಳ ಬದಿಗೇ ಹೋಗು ಎಂದು ಸರ್ಸಿ ಮೊದಲೇ ಹೇಳಿಕೊಟ್ಟಿರುತ್ತಾಳೆ. ಒಡಿಸ್ಯೂಸ್ ಹಾಗೆಯೇ ಮಾಡುತ್ತಾನೆ, ಆದರೆ ಸಿಲ್ಲಳ ವಿಷಯವನ್ನು ಜೊತೆಯವರಿಗೆ ಹೇಳುವುದಿಲ್ಲ. ಹೇಳಿದರೆ ಅವರು ಹುಟ್ಟು ಹಾಕುವುದನ್ನು ಬಿಟ್ಟು ಒಳಗೆ ಅಡಗಿಕೊಂಡಾರು. ಸಂಕಟ ನಾಯಕನದು, ಸತ್ತವರು ಬೇರೆ ಆರು ಜನ. ನುಡಿಗಟ್ಟು ನಾಯಕನನ್ನು ಮಾತ್ರ ನೆನಪಿಟ್ಟುಕೊಂಡಿದೆ.

'ಬಂಡೆ ಮತ್ತು ಗಟ್ಟಿ ಜಾಗದ ನಡುವೆ' ಎಂಬ ಅಮೆರಿಕನ್ ಮಾತಿನ ಕತೆ ಇನ್ನೂ ಕುತೂಹಲದ್ದು. 1921ರಲ್ಲಿ ಅದು ದಾಖಲಾದಾಗ ಅರಿಜೋನಾ ಕಡೆ ಅದರ ಅರ್ಥ ದಿವಾಳಿಯಾಗುವುದು ಎಂದಷ್ಟೇ ಇತ್ತು. ಕೈಯಲ್ಲಿ ಕಾಸಿಲ್ಲದವರ ಮಾತು ಅದು. ಇಂದು ಎರಡು ಒಳ್ಳೆಯ ನೌಕರಿಗಳ ನಡುವೆ ಆರಿಸಬೇಕಾದವರೂ ಅದನ್ನು ಬಳಸುತ್ತಾರೆ.

ತಂದವನ ಹೆಸರನ್ನೇ ಹೊತ್ತ ನುಡಿಗಟ್ಟುಗಳೂ ಇವೆ. ಏಳನೇ ಹೆನ್ರಿಯ ಕಾಲದ ಜಾನ್ ಮಾರ್ಟನ್, ಆಡಂಬರದಿಂದ ಬದುಕುವವನಿಗೆ ಹಣವಿದೆ ಎಂದೂ ಮಿತವಾಗಿ ಬದುಕುವವನು ಉಳಿಸಿಟ್ಟಿರುತ್ತಾನೆ ಎಂದೂ ವಾದಿಸಿ ಇಬ್ಬರಿಂದಲೂ ವಸೂಲಿ ಮಾಡುತ್ತಿದ್ದನಂತೆ. ಅದು 'ಮಾರ್ಟನ್ಸ್ ಫೋರ್ಕ್'. ಕೇಂಬ್ರಿಜ್‌ನ ಥಾಮಸ್ ಹಾಬ್ಸನ್ ಅಷ್ಟು ಕಟುಕನಲ್ಲ. ಲಂಡನ್ನಿಗೆ ಸರಕು, ಕಾಗದ ಸಾಗಿಸುತ್ತಿದ್ದ ಅವನು ವಿದ್ಯಾರ್ಥಿಗಳಿಗೆ ಕುದುರೆಗಳನ್ನು ಬಾಡಿಗೆಗೂ ಕೊಡುತ್ತಿದ್ದ. ಬಾಗಿಲಿಗೆ ಹತ್ತಿರ ಇರುವ ಕುದುರೆಯನ್ನು ತೆಗೆದುಕೊಳ್ಳಬೇಕು, ಇಲ್ಲವೇ ನಡೆದು ಹೋಗಬೇಕು. 1631ರಲ್ಲಿ ಅವನು ಸತ್ತಾಗ ಮಿಲ್ಟನ್ ಎರಡು ಪದ್ಯ ಬರೆದ. ಈ ನಿಯಮ ಇದ್ದದ್ದು, ಎಲ್ಲರೂ ಒಳ್ಳೆಯ ಕುದುರೆಯನ್ನೇ ಕೇಳಿ ಅದನ್ನು ದಣಿಸದಿರಲಿ ಎಂದು. ಸವಾರನಿಗೆ ಆಯ್ಕೆ ತಪ್ಪಿದ್ದರಿಂದ ಕುದುರೆಗೆ ನ್ಯಾಯ ಸಿಕ್ಕಿತು. ಈ ನುಡಿಗಟ್ಟು ಹುಟ್ಟಿದ್ದು ಸವಾರರ ಬಾಯಲ್ಲಿ. ಕುದುರೆಗಳನ್ನು ಯಾರು ಕೇಳಿದ್ದಾರೆ?

ಇನ್ನು ನಾನು ಎಡವಿದ ಕ್ಯಾಚ್-22. ಜೋಸೆಫ್ ಹೆಲ್ಲರ್‌ನ ಕಾದಂಬರಿ ಬಂದದ್ದು 1961ರಲ್ಲಿ. ಮೊದಲು ಅದು ಕ್ಯಾಚ್-18 ಆಗಿತ್ತು; ಲಿಯಾನ್ ಯೂರಿಸ್‌ನ 'ಮಿಲಾ 18' ಅದೇ ವರ್ಷ ಬರುತ್ತಿದ್ದುದರಿಂದ ಸಂಖ್ಯೆ ಬದಲಾಯಿತು. ಹುಚ್ಚನಾದ ವೈಮಾನಿಕನನ್ನು ಹಾರಾಟದಿಂದ ಬಿಡಿಸಬಹುದು, ಆದರೆ ಅವನೇ ಬಂದು ಕೇಳಬೇಕು. ಸಾಯುವ ಭಯದಿಂದ ಕೇಳಿದನೆಂದರೆ ಅವನ ತಲೆ ಸರಿಯಾಗಿದೆ ಎಂದಾಯಿತು, ಹಾರಲೇಬೇಕು. ಎಲ್ಲರೂ ಉಲ್ಲೇಖಿಸುವುದು ಇಷ್ಟನ್ನೇ. ನನಗೆ ಮುಖ್ಯವಾಗಿ ಕಾಣುವುದು ಕೊನೆಯ ಭಾಗದ ರೋಮ್ ಪ್ರಸಂಗ. ಮನೆಯ ಹೆಣ್ಣುಮಕ್ಕಳನ್ನೆಲ್ಲ ಸೈನಿಕರು ಓಡಿಸಿರುತ್ತಾರೆ. ಯಾವ ಅಧಿಕಾರದಿಂದ ಎಂದು ಯೊಸ್ಸಾರಿಯನ್ ಕೇಳಿದರೆ, ಕ್ಯಾಚ್-22 ಎನ್ನುತ್ತಾಳೆ ಉಳಿದ ಮುದುಕಿ. ಅದನ್ನು ಓದಿ ತೋರಿಸಿದರೇ? ಇಲ್ಲ, ತೋರಿಸಬೇಕಾಗಿಲ್ಲ ಎಂದೇ ಆ ಕಾನೂನು ಹೇಳುತ್ತದಂತೆ. ಅಂಥದೊಂದು ಕಾನೂನೇ ಇಲ್ಲ ಎಂದು ಅವನಿಗೆ ಹೊಳೆಯುತ್ತದೆ, ಆದರೆ ಎಲ್ಲರೂ ಇದೆಯೆಂದು ನಂಬಿರುವುದರಿಂದ ಯಾವ ಪ್ರಯೋಜನವೂ ಇಲ್ಲ. ಇದ್ದಿದ್ದರೆ ಹರಿದು ಹಾಕಬಹುದಿತ್ತು. ಹೀಗೆ ಅಧಿಕಾರದ ಬಗ್ಗೆ ಹುಟ್ಟಿದ ಪದವನ್ನು ಇಂದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರೂ ಬಳಸುತ್ತಾರೆ.

ನನ್ನ ಕರಡಿನಲ್ಲಿ 'ಧರ್ಮಸಂಕಟ' ಹೊಡೆದುಹಾಕಿ 'ಇಕ್ಕಟ್ಟು' ಎಂದು ಬರೆದೆ, ಅದೂ ಒಪ್ಪಿಗೆಯಾಗಲಿಲ್ಲ. ಪತ್ರಿಕೆಗಳ 'ಬಿಕ್ಕಟ್ಟು', 'ಸಂಕಷ್ಟಕ್ಕೆ ಸಿಲುಕಿದ ರೈತರು' ಎಂಬಂಥ ಮಾತುಗಳ ಹಾಗೆ ಅಲ್ಲಿಯೂ ಸಿಲುಕಿಸಿದವರು ಕಾಣುವುದಿಲ್ಲ. 'ಬಿಸಿತುಪ್ಪ'ದಲ್ಲಿ ಬಾಯಿಗೆ ಹಾಕಿಕೊಂಡವನದೇ ಅವಸರ. ಕೊನೆಗೆ 'ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆ' ಎಂದು ಬರೆದೆ. ಅಡಕತ್ತರಿ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಅದನ್ನು ಒತ್ತುವ ಒಂದು ಕೈ ಇರಬೇಕು. ನಿಯಮ ಸುತ್ತಿ ಸುತ್ತಿ ತನ್ನಲ್ಲಿಗೇ ಬರುವ ಆ ಮೋಜು ಇದರಲ್ಲಿ ಇಲ್ಲ, ಒಪ್ಪುತ್ತೇನೆ.

ಗೆಳತಿ ಈ ಸಲ ಗೆರೆ ಎಳೆಯಲಿಲ್ಲ. ಮುಂದಿನ ಪುಟದಲ್ಲಿದ್ದ 'ಹಾಬ್ಸನ್ಸ್ ಚಾಯ್ಸ್'ಗೆ, ನಮ್ಮ ಹಾಸ್ಟೆಲಿನ ಹತ್ತಿರದ ಹೋಟೆಲಿನವರು ದಿನಾ ರಾತ್ರಿ ಹೇಳುವ ಮಾತನ್ನೇ ಹಾಕು ಎಂದಳು: "ಇದ್ರೆ ಇದೇ, ಬೇಕಾದ್ರೆ ತಗೊಳ್ಳಿ."