ಪುರೋಗಾಮಿ, ಪ್ರಗತಿಶೀಲ, ಪ್ರಗತಿಪರ

ಪ್ರಗತಿಯ ಪರ ನಿಂತ ಲೇಖಕರಿಗೆ ಮಲಯಾಳದಲ್ಲಿ ‘ಪುರೋಗಮನ’ದ ಹೆಸರು, ಕನ್ನಡದಲ್ಲಿ ‘ಪ್ರಗತಿಶೀಲ’ರ ಹೆಸರು. ‘ಪುರಃ’ ಎಂದರೆ ಮುಂದೆ. ಪುರೋಗಾಮಿ ಮುಂದೆ ನಡೆಯುವವನು. ಪ್ರಗತಿಗೆ ‘ಶೀಲ’ ಸೇರಿದಾಗ ಅದು ಸ್ವಭಾವವೇ ಆಗಿಬಿಡುತ್ತದೆ. ಉರ್ದುವಿನ ‘ತರಕ್ಕಿಪಸಂದ್’ ಅಷ್ಟು ದೊಡ್ಡ ಮಾತನ್ನಾಡದೆ, ಪ್ರಗತಿಯನ್ನು ಮೆಚ್ಚುವವನು ಎಂದಷ್ಟೇ ಹೇಳುತ್ತದೆ. 1936ರ ಏಪ್ರಿಲ್‌ನಲ್ಲಿ ಲಖನೌದಲ್ಲಿ ಪ್ರಗತಿಶೀಲ ಲೇಖಕರ ಸಂಘದ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಪ್ರೇಮಚಂದರು ಈ ಹೆಸರನ್ನೇ ಆಕ್ಷೇಪಿಸಿದರು. ಸಾಹಿತಿ ಸ್ವಭಾವದಿಂದಲೇ ಪ್ರಗತಿಶೀಲ, ಅದನ್ನು ಬೇರೆಯಾಗಿ ಹೇಳಬೇಕಿಲ್ಲ ಎಂಬುದು ಅವರ ವಾದ.

ಕೇರಳದಲ್ಲಿ ನೆಲ ಹದಗೊಂಡದ್ದು ಅದಕ್ಕೂ ಮೊದಲೇ. ತಿರುವನಂತಪುರದಿಂದ ‘ಕೇಸರಿ’ ಪತ್ರಿಕೆ ಹೊರಡಿಸುತ್ತಿದ್ದ ಎ. ಬಾಲಕೃಷ್ಣ ಪಿಳ್ಳೆ ಯುರೋಪಿನ ಹೊಸ ಸಾಹಿತ್ಯವನ್ನು ಮಲಯಾಳಿಗಳ ಮುಂದಿಟ್ಟರು. 1937ರಲ್ಲಿ ತ್ರಿಶೂರಿನಲ್ಲಿ ಹುಟ್ಟಿದ ಸಂಘದ ಹೆಸರು ‘ಜೀವತ್ ಸಾಹಿತ್ಯ’. ಅದು ‘ಪುರೋಗಮನ ಸಾಹಿತ್ಯ’ವಾದದ್ದು 1944ರಲ್ಲಿ. ಹಳೆಯ ಹೆಸರೇ ಮೇಲು. ಬರಹದಲ್ಲಿ ಜೀವವಿದೆಯೇ ಎಂದು ಅದು ಕೇಳುತ್ತಿತ್ತು. ಹೊಸದು ಯಾರು ಮುಂದೆ, ಯಾರು ಹಿಂದೆ ಎಂಬ ಲೆಕ್ಕಕ್ಕೆ ಎಡೆಮಾಡಿತು. ಕೃತಿಯ ರೂಪವೂ ಮುಖ್ಯವೆಂದ ಜೋಸೆಫ್ ಮುಂಡಶ್ಶೇರಿಯಂಥವರಿಗೂ ಕಮ್ಯುನಿಸ್ಟ್ ಲೇಖಕರಿಗೂ ಮುಂದೆ ಒಡಕು ಬಂತು.

ಎಡಪ್ಪಳ್ಳಿಯ ಚಙ್ಙಂಪುಳ ಕೃಷ್ಣ ಪಿಳ್ಳೆ ಈ ಲೆಕ್ಕಕ್ಕೆ ಸುಲಭವಾಗಿ ಸಿಗುವ ಕವಿಯಲ್ಲ. ಗೆಳೆಯ ಎಡಪ್ಪಳ್ಳಿ ರಾಘವನ್ ಪಿಳ್ಳೆಯ ಸಾವಿನ ಶೋಕದಲ್ಲಿ ‘ರಮಣನ್’ ಬರೆದ ಕೈಯೇ 1937ರಲ್ಲಿ ‘ವಾಳಕ್ಕುಲ’ ಬರೆಯಿತು. ಪುಲಯ ಜಾತಿಯ ಮಲಯ ಗುಡಿಸಲಿನ ಮುಂದೆ ಬಾಳೆ ನೆಡುತ್ತಾನೆ. ಗೊನೆ ಯಾವಾಗ ಹಣ್ಣಾದೀತೆಂದು ಮಕ್ಕಳು ದಿನ ಎಣಿಸುತ್ತವೆ. ಬಲಿತ ಗೊನೆಯನ್ನು ಅವನೇ ಕಡಿದು ಒಡೆಯನಿಗೆ ಒಪ್ಪಿಸಬೇಕಾಗುತ್ತದೆ. ಸಂಘಕ್ಕೆ ‘ಪುರೋಗಮನ’ ಎಂಬ ಹೆಸರು ಬರುವ ಎಷ್ಟೋ ಮೊದಲೇ ಆ ಮಾತಿನ ತಿರುಳು ಇಲ್ಲಿ ಬಂದುಬಿಟ್ಟಿದೆ. ಪ್ರೇಮಚಂದರ ಆಕ್ಷೇಪಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ.

ಕನ್ನಡದಲ್ಲಿ 1940ರ ದಶಕದಲ್ಲಿ ಪ್ರಗತಿಶೀಲ ಸಾಹಿತ್ಯಕ್ಕೆ ಅ.ನ.ಕೃ. ಮುಂದಾಳಾದರು, ತ.ರಾ.ಸು., ಬಸವರಾಜ ಕಟ್ಟೀಮನಿ, ನಿರಂಜನ ಜೊತೆಗೂಡಿದರು. ಘೋಷಣೆಯೇ ಕಥೆಯಾದ ಬರಹಗಳು ಇಲ್ಲಿಯೂ ಬಂದವು. ‘ಶೀಲ’ ಎಂಬ ಮಾತಿನ ಭಾರವನ್ನು ನಿಜವಾಗಿ ಹೊತ್ತದ್ದು ನಿರಂಜನರ ‘ಚಿರಸ್ಮರಣೆ’ (1955). ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟ, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗಾದ ಗಲ್ಲು ಅದರ ವಸ್ತು. ಮಲಯಾಳಿ ರೈತರ ನೋವು ಕನ್ನಡದ ಕಾದಂಬರಿಯಾದದ್ದು ದೊಡ್ಡ ಸಾಧನೆ.

ಇಂದು ಪತ್ರಿಕೆಗಳಲ್ಲಿ ಹೆಚ್ಚು ಓಡಾಡುವುದು ‘ಪ್ರಗತಿಪರ’. ‘ಪ್ರಗತಿಪರ ಚಿಂತಕ’ ಎಂಬಲ್ಲಿ ಅದು ನಿಲುವಿನ ಗುರುತು. ‘ಪ್ರಗತಿಪರ ರೈತ’ ಎಂಬಲ್ಲಿ ಮಾತ್ರ, ಹೊಸ ಬೇಸಾಯವನ್ನು ತನ್ನ ಹೊಲದಲ್ಲೇ ಮಾಡಿ ತೋರಿಸಿದವನಿಗೆ ಸಲ್ಲುವ ಹೆಸರು.