ಥಾರ್‌ನಿಂದ ಮನೆಗೆ, ನಾಯಿಗಳ ಜೊತೆ

ಚಳಿಗಾಲದಲ್ಲಿ ನಾಯಿಗಳನ್ನು ಕರೆದುಕೊಂಡು ಜೈಸಲ್ಮೇರ್‌ಗೆ ಹೊರಡುವವರು ನನ್ನನ್ನು ಕೇಳುವುದೆಲ್ಲ ಹೋಗುವುದರ ಬಗ್ಗೆಯೇ: ಎಲ್ಲಿ ಉಳಿಯೋದು, ಟೆಂಟ್‌ನವರು ನಾಯಿ ಬಿಡ್ತಾರಾ, ರಾತ್ರಿ ಎಷ್ಟು ಚಳಿ? ಬರುವ ದಾರಿಯ ಬಗ್ಗೆ ಕೇಳುವವರು ಕಡಿಮೆ. ರಜೆ ಮುಗಿದಿರುತ್ತದೆ, ಸೋಮವಾರ ಆಫೀಸು. ಬೆಂಗಳೂರಿಗೆ ಸುಮಾರು 2,000 ಕಿಲೋಮೀಟರನ್ನು ಎರಡೇ ದಿನದಲ್ಲಿ ಮುಗಿಸುವ ಹಟ. ಮರಳುಗಾಡಿಗಿಂತ ನಾಯಿಯನ್ನು ಹೆಚ್ಚು ದಣಿಸುವುದು ಈ ಹಟ. ನಾಲ್ಕು ದಿನ ಇಟ್ಟುಕೊಳ್ಳಿ.

ಹೊರಡುವ ಬೆಳಿಗ್ಗೆ ಮೊದಲು ಪಾದ ನೋಡಬೇಕು. ಥಾರ್‌ನಲ್ಲಿ ಭುರಟ್ ಎಂಬ ಹುಲ್ಲಿದೆ. ಬರಗಾಲದಲ್ಲಿ ಅದರ ಬೀಜವನ್ನು ಸಜ್ಜೆ ಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟಿ ಬದುಕಿದ ಜನ ಅಲ್ಲಿಯವರು. ಹುಲ್ಲು ಒಣಗಿದ ಮೇಲೆ ಅದರ ಮುಳ್ಳುಕಾಯಿಗಳು ಮರಳಿನಲ್ಲಿ ಬಿದ್ದಿರುತ್ತವೆ. ಕಡಲೆಕಾಳಿಗಿಂತ ಚಿಕ್ಕವು, ಸುತ್ತಲೂ ಮುಳ್ಳು. ಬೆರಳ ಸಂದಿಗೆ ಹೊಕ್ಕರೆ ನಡೆದಷ್ಟೂ ಒಳಗಿಳಿಯುತ್ತವೆ. ನಾಯಿ ಹಲ್ಲಿನಿಂದ ಕೀಳಲು ಹೋಗಿ ವಸಡಿಗೂ ಚುಚ್ಚಿಸಿಕೊಳ್ಳುತ್ತದೆ. ನಮ್ಮ ಚೆನ್ನಿ ಮುಧೋಳ ತಳಿಯವಳು, ಪಾದ ಮುಟ್ಟಿದರೆ ಮುಖ ತಿರುಗಿಸಿ ಕಾಲು ಎಳೆದುಕೊಳ್ಳುತ್ತಾಳೆ. ಅವಳನ್ನು ಮಗ್ಗುಲಾಗಿ ಮಲಗಿಸಿ, ಉಗುರುಬೆಚ್ಚಗಿನ ನೀರಲ್ಲಿ ಪಾದ ತೊಳೆದು, ಒಂದೊಂದೇ ಬೆರಳು ಬಿಡಿಸಿ ಬೆಳಕಿಗೆ ಹಿಡಿದು, ಸಿಕ್ಕ ಮುಳ್ಳನ್ನು ಚಿಮುಟದಿಂದ ಕಿತ್ತು ಕೊಬ್ಬರಿ ಎಣ್ಣೆ ಸವರುತ್ತೇನೆ. ಆಮೇಲೆ ಕರಿಯನ ಸರದಿ. ಅವನು ಬೀದಿಯಲ್ಲಿ ಹುಟ್ಟಿದವನು, ತಾನಾಗಿಯೇ ಕಾಲು ಚಾಚುತ್ತಾನೆ.

ಬಾಡ್ಮೇರ್, ಸಾಂಚೋರ್ ದಾಟಿ ಗುಜರಾತಿಗೆ ಇಳಿಸುವ 68ನೇ ಹೆದ್ದಾರಿ ಇಡೀ ದಾರಿಯಲ್ಲಿ ನನಗೆ ಅತಿ ಪ್ರಿಯವಾದದ್ದು. ಎರಡೂ ಬದಿ ಖೇಜ್ರಿ ಮರಗಳು, ಅಂದರೆ ನಮ್ಮ ಬನ್ನಿ. ಬೆಳಿಗ್ಗೆ ಏಳೆಂಟು ಡಿಗ್ರಿ ಚಳಿ. ಮುಧೋಳ ನಾಯಿಯ ಮೈಯಲ್ಲಿ ಕೊಬ್ಬಿಲ್ಲ, ಕೂದಲು ತೆಳು. ಅಂಗಿ ಹಾಕದೆ ಹೊರಡಿಸಬಾರದು. ಬಿಸಿಲೇರಿದ ಮೇಲೆ ಅದೇ ಅಂಗಿ ಅದಕ್ಕೆ ಸೆಕೆ. ಮರುದಿನ ಸೂರತ್ ಹೊತ್ತಿಗೆ ಎಸಿ ಬೇಕಾಗುತ್ತದೆ. ಈ ಬದಲಾವಣೆ ನಿಧಾನವಾಗಿ ಆಗಲಿ ಎಂದೇ ನಾಲ್ಕು ದಿನ ಕೇಳುತ್ತಿದ್ದೇನೆ. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ಊಟ ರಾತ್ರಿಗಿರಲಿ. ನೀರು ಸ್ವಲ್ಪ ಸ್ವಲ್ಪ, ಆಗಾಗ. ಥಾರ್ ಕಡೆಯ ಕೊಳವೆಬಾವಿ ನೀರು ಬಹಳ ಕಡೆ ಉಪ್ಪು, ಕ್ಯಾನ್ ತುಂಬಿಕೊಂಡೇ ಹೊರಡಿ.

ಕಾರು ನಿಲ್ಲಿಸಿದಾಗ ಮೊದಲು ಹಗ್ಗ, ಆಮೇಲೆ ಬಾಗಿಲು. ಮುಧೋಳ ಕಣ್ಣಿಂದ ಬೇಟೆ ಹಿಡಿಯುವ ನಾಯಿ. ದೂರದಲ್ಲಿ ಒಂದು ಚಿಂಕಾರ ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಮರಳು ದಿಬ್ಬದ ಮೇಲೆ ಬಿಟ್ಟ ನಾಯಿ ಓಡುವ ವಿಡಿಯೊ ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಜೈಸಲ್ಮೇರ್ ಸುತ್ತಿನ ಬಯಲು ಗೋಡಾವಣ್ ಹಕ್ಕಿಯ ಕೊನೆಯ ದೊಡ್ಡ ನೆಲೆ. ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅದೇ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಅಡ್ಡಾಡುವ ನಾಯಿಗಳೂ ದೊಡ್ಡ ಗಂಡಾಂತರ. ನಾಯಿಯನ್ನು ಪ್ರೀತಿಸುವವರು ಅಲ್ಲಿ ಹಗ್ಗ ಬಿಚ್ಚಬಾರದು.

ಕೊಲ್ಹಾಪುರ ದಾಟಿ ನಿಪ್ಪಾಣಿ ಹತ್ತಿರವಾಗುತ್ತಿದ್ದಂತೆ ಕಬ್ಬಿನ ಗಾಡಿಗಳು ಎದುರಾಗುತ್ತವೆ, ಆಲೆಮನೆಯ ವಾಸನೆ ಬರುತ್ತದೆ. ಚೆನ್ನಿ ಎದ್ದು ಕೂತು ಕಿಟಕಿಗೆ ಮೂಗು ಹಚ್ಚುತ್ತಾಳೆ. ಆ ಹೊತ್ತಿಗಾಗಿಯೇ ನಾನು ವಿಮಾನ ಬಿಟ್ಟು ರಸ್ತೆ ಹಿಡಿಯುತ್ತೇನೆ.

ಮನೆ ಸೇರಿದ ಮೇಲೂ ಮೂರು ವಾರ ಕಣ್ಣಿಟ್ಟಿರಿ. ದಾರಿಯ ಢಾಬಾಗಳಲ್ಲಿ ಹತ್ತಿದ ಉಣ್ಣೆಯಿಂದ ಬರುವ ಜ್ವರ ಕಾಣಿಸಿಕೊಳ್ಳಲು 8ರಿಂದ 20 ದಿನ ಬೇಕು. ನಾಯಿ ಊಟ ಬಿಟ್ಟರೆ, ಮಂಕಾದರೆ ಪ್ರಯಾಣದ ಸುಸ್ತೆಂದು ಸುಮ್ಮನಿರಬೇಡಿ. ಅದೇ ದಿನ ವೈದ್ಯರಲ್ಲಿಗೆ ಒಯ್ದು, ಎಲ್ಲೆಲ್ಲಿ ಸುತ್ತಿ ಬಂದಿರೆಂದು ಹೇಳಿ, ರಕ್ತ ಪರೀಕ್ಷೆ ಮಾಡಿಸಿ.